ಎರಡೂ ಕಡೆಯ ಕೊಂಡಿ

ಗ್ರಿಲ್ ಅಕ್ಕನಿಗೆ ಸೌಹಾರ್ದ, ಸಾಮರಸ್ಯ ಮುಂತಾದ ಪದಗಳ ಮೇಲೆ ಸಿಟ್ಟೇನೂ ಇರಲಿಲ್ಲ. ಅವಕ್ಕೆ ಅಳತೆ ಇಲ್ಲ ಎಂಬುದಷ್ಟೇ ಅವಳ ತಕರಾರು. ಕಿಟಕಿಗೆ ಅಳತೆ ಇದೆ, ಗೇಟಿಗೆ ಅಳತೆ ಇದೆ, ಬೆಕ್ಕು ನುಗ್ಗಬಾರದ ಸಂದಿಗೂ ಅಳತೆ ಇದೆ. ಅಳತೆ ತರದೆ ಕೆಲಸ ಹೇಳಲು ಬಂದವರನ್ನು ಅವಳು ಅಂಗಡಿಯ ಮೆಟ್ಟಿಲಿನಿಂದಲೇ ವಾಪಸು ಕಳಿಸುತ್ತಿದ್ದಳು. ವಯಸ್ಸು ಐವತ್ತೆಂಟು. ಬಲಗೈಯಲ್ಲಿ ಮೊಣಕೈವರೆಗೆ ಕಿಡಿ ಸಿಡಿದ ಕಲೆಗಳು. ವೆಲ್ಡಿಂಗ್ ಮಾಡುವಾಗ ಕಪ್ಪು ಕನ್ನಡಕ ಹಾಕಿದರೂ ಮುಖದಲ್ಲಿ ಅಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ತೆಗೆದ ಮೇಲೂ ಅದೇ ಬಿಗಿ ಇರುತ್ತಿತ್ತು.

ಅವಳ ಗಂಡ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಕೆಲಸ ಹೋದ ಮೇಲೆ ಮನೆಯ ಮುಂದೆ ತಗಡು ಹೊದಿಸಿ ಗ್ರಿಲ್ ಅಂಗಡಿ ಹಾಕಿದ, ಹೆಂಡತಿಗೆ ಬೆಸುಗೆ ಕಲಿಸಿದ, ನಾಲ್ಕು ವರ್ಷದ ಹಿಂದೆ ತೀರಿಕೊಂಡ. ತನ್ನ ಸುತ್ತಿಗೆ, ಸ್ಪ್ಯಾನರು, ಎಲ್ಲ ಸಾಮಾನಿನ ಮೇಲೂ ಮಿಲ್ಲಿನ ಟೋಕನ್ ನಂಬರು ನಾನೂರ ಹನ್ನೆರಡು ಎಂದು ಮೊಳೆಯಿಂದ ಗೀರಿಡುವ ಚಾಳಿ ಅವನದು. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಹೊಸ ಸಾಮಾನು ತಂದರೆ ಮೊದಲು ನಂಬರು ಬೀಳುತ್ತಿತ್ತು.

ಅಂಗಡಿ ನಿಂತಿದ್ದುದು ಗೋಡೆಗೆ ಆತುಕೊಂಡು. ಎಂಟಡಿ ಎತ್ತರದ ಗೋಡೆ. ಈ ಕಡೆ ಕಾರ್ಮಿಕರ ಮನೆಗಳ ಕೆಳಗಿನ ಸಾಲು, ಆ ಕಡೆ ಆಫೀಸಿನವರ ಮನೆಗಳ ಮೇಲಿನ ಸಾಲು, ನಡುವೆ ತಗಡಿನ ಒಂದು ಸಣ್ಣ ಬಾಗಿಲು. ಹತ್ತೊಂಬತ್ತು ವರ್ಷದ ಹಿಂದೆ ಮುಷ್ಕರವಾದಾಗ ಆಡಳಿತದವರು ಆ ಬಾಗಿಲಿಗೆ ಬೀಗ ಹಾಕಿಸಿದರು. ಆಮೇಲೆ ಮಿಲ್ಲು ಹೋಯಿತು, ಆಡಳಿತ ಹೋಯಿತು, ಬೀಗದ ಕೈ ಯಾರ ಜೇಬಿನಲ್ಲಿ ಹೋಯಿತೋ ಗೊತ್ತಿಲ್ಲ. ಬೀಗ ಮಾತ್ರ ಡ್ಯೂಟಿ ಮೇಲೇ ಇತ್ತು. ಮೇಲಿನ ಸಾಲಿನವರು ಬಸ್ಸಿಗೆ, ಹಿಟ್ಟಿನ ಗಿರಣಿಗೆ ಈ ಕಡೆ ಬರಬೇಕು. ಕೆಳಗಿನ ಸಾಲಿನವರು ದವಾಖಾನೆಗೆ, ಅಂಚೆ ಕಚೇರಿಗೆ ಆ ಕಡೆ ಹೋಗಬೇಕು. ಎಲ್ಲರೂ ಮುಖ್ಯರಸ್ತೆಗೆ ಸುತ್ತು ಹಾಕಿ ಇಪ್ಪತ್ತೈದು ನಿಮಿಷ ನಡೆಯುತ್ತಿದ್ದರು, ಎದುರಾದರೆ ಚಪ್ಪಲಿ ನೋಡಿಕೊಂಡು ಹೋಗುತ್ತಿದ್ದರು.

ಬಾಗಿಲಿನ ಆ ಪಕ್ಕದ ಮೊದಲ ಮನೆಯಲ್ಲಿ ಅಕ್ಕನ ಒಡಹುಟ್ಟಿದ ತಂಗಿ ಇದ್ದಳು. ಅವಳ ಗಂಡ ಮಿಲ್ಲಿನ ಟೈಮ್ ಕೀಪರ್. ಮುಷ್ಕರದ ದಿನಗಳಲ್ಲಿ ಒಳಗೆ ಹೋಗಿ ಕೂತು, ಹೊರಗಿದ್ದವರ ಟೋಕನ್ ನಂಬರಿನ ಮುಂದೆಲ್ಲ ‘ಗೈರು’ ಎಂದು ದುಂಡಗೆ ಬರೆದವನು. ನಾನೂರ ಹನ್ನೆರಡು ತನ್ನ ಷಡ್ಡಕನದೇ ಎಂದು ಗೊತ್ತಿದ್ದೂ ಬರೆದ. ಆ ಪಟ್ಟಿಯ ಮೇಲೆ ಹತ್ತು ಜನರ ಕೆಲಸ ಹೋಯಿತು, ಫಿಟ್ಟರನದೂ ಹೋಯಿತು.

“ನಿನ್ನ ಗಂಡ ನಮ್ಮ ಅನ್ನಕ್ಕೆ ಗೈರು ಬರೆದ. ನೀನಾಗಿ ಬಂದು ಬಾಗಿಲು ತಟ್ಟೋ ತನಕ ನಾನು ನಿನ್ನ ಮಾತಾಡಿಸಲ್ಲ,” ಎಂದಳು ಅಕ್ಕ.

“ನೀನಾಗಿ ಕರೆಯೋ ತನಕ ನಾನೂ ಬರಲ್ಲ,” ಎಂದಳು ತಂಗಿ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅಕ್ಕತಂಗಿಯರ ಜಗಳಕ್ಕೆ ಆ ರಿಯಾಯಿತಿ ಇಲ್ಲ. ಫಿಟ್ಟರ್ ತೀರಿಕೊಂಡ ದಿನ ತಂಗಿ ಮುಖ್ಯರಸ್ತೆ ಸುತ್ತಿ ಬಂದು ಬೀದಿಯ ತುದಿಯಲ್ಲಿ ನಿಂತಿದ್ದಳು. ಅಕ್ಕ ನೋಡಿದಳು. ಇವಳು ಕರೆಯಲಿಲ್ಲ, ಅವಳು ಬರಲಿಲ್ಲ. ಇನ್ನೊಂದು ಸಲ ನೋಡುವಷ್ಟರಲ್ಲಿ ಬೀದಿಯ ತುದಿ ಖಾಲಿಯಾಗಿತ್ತು. ಆ ಖಾಲಿ ಜಾಗವನ್ನು ಅಕ್ಕ ಆಮೇಲೂ ಎಷ್ಟೋ ದಿನ ನೋಡಿದ್ದಾಳೆ. ತಂಗಿ ಬೇಕು ಅನ್ನಿಸುತ್ತಿತ್ತು, ಬಹಳ ಬೇಕು ಅನ್ನಿಸುತ್ತಿತ್ತು. ಆದರೆ ತಾನೇ ಮೊದಲು ಬಾಯಿ ಬಿಟ್ಟರೆ ಸತ್ತ ಗಂಡನಿಗೆ ಎರಡು ಬಗೆದ ಹಾಗೆ ಎಂದು ತೀರ್ಮಾನಿಸಿಬಿಟ್ಟಿದ್ದಳು. ಗಂಡನನ್ನು ಕೇಳಿದ್ದರೆ ಅವನು ಹಾಗೇನೂ ಹೇಳುತ್ತಿರಲಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಇಂಥ ಊರಿಗೆ ಟ್ರಸ್ಟ್ ಬಂತು. ಯಾರೋ ಪುಣ್ಯಾತ್ಮ ಸಾಯುವ ಮುಂಚೆ ‘ಜನರನ್ನು ಜನ ಅರಿಯಲಿ’ ಎಂದು ತನ್ನ ಆಸ್ತಿಯನ್ನೆಲ್ಲ ಬರೆದಿಟ್ಟಿದ್ದನಂತೆ. ಮೊದಲ ವರ್ಷ ಟ್ರಸ್ಟಿನವರು ಸಭಾಭವನದಲ್ಲಿ ಸಮಾವೇಶ ಮಾಡಿದರು. ಮೇಲಿನ ಸಾಲಿನವರು ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಮುಂದೆ ಕೂತರು. ಕೆಳಗಿನ ಸಾಲಿನವರು ಅದನ್ನು ನೋಡಿ, ‘ಇಲ್ಲೂ ಮುಂದೆ ಅವರೇನಾ’ ಎಂದು ಬೇಕೆಂದೇ ಹಿಂದೆ ಕೂತರು. ನಡುವೆ ನಾಲ್ಕು ಸಾಲು ಕುರ್ಚಿ ಖಾಲಿ. ಭಾಷಣಕಾರರು ಆ ನಾಲ್ಕು ಸಾಲನ್ನೇ ದಿಟ್ಟಿಸುತ್ತ, ನಮ್ಮ ನಡುವೆ ಅಂತರವೇ ಇಲ್ಲ ಎಂದರು. ಕೊನೆಗೊಂದು ಫಾರಂ: ‘ಇತರರ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾಯಿತೇ?’ ಫಾರಂ ಕೊಟ್ಟವರಿಗೆ ಬ್ಯಾಗ್ ಕೊಡುತ್ತಿದ್ದರಾದ್ದರಿಂದ ಎಲ್ಲರ ಅಭಿಪ್ರಾಯವೂ ಬದಲಾಯಿತು. ಜಿಪ್ಪಿದ್ದ ಒಳ್ಳೆಯ ಬ್ಯಾಗು.

ನಂಬದವಳು ಒಬ್ಬಳೇ, ಟ್ರಸ್ಟಿನ ಕ್ಷೇತ್ರಾಧಿಕಾರಿ. ಸದಾ ಏನಾದರೂ ಬರೆದುಕೊಳ್ಳುತ್ತಿದ್ದುದರಿಂದ ಜನ ಅವಳಿಗೆ ವರದಿ ಮೇಡಂ ಎಂದು ಹೆಸರಿಟ್ಟಿದ್ದರು. ಸಭೆ ಮುಗಿದ ಮೇಲೆ ಅವಳು ಗೇಟಿನ ಹತ್ತಿರ ನಿಂತು ನೋಡಿದಳು. ನೂರೆಂಬತ್ತು ಬ್ಯಾಗುಗಳು ಎರಡು ದಾರಿ ಹಿಡಿದು ಹೋದವು, ಒಂದು ಬ್ಯಾಗೂ ಇನ್ನೊಂದರ ಜೊತೆ ಮಾತಾಡಲಿಲ್ಲ. ಭಾಷಣ ಬೇಡ, ಗೋಡೆಯ ಬಾಗಿಲು ತೆಗೆಸೋಣ ಎಂದು ಅವಳು ಕೇಂದ್ರ ಕಚೇರಿಗೆ ಬರೆದಳು. ಒಪ್ಪಿಗೆ ಬಂದ ದಿನವೇ ಗ್ರಿಲ್ ಅಕ್ಕನಿಗೆ ಫೋನ್ ಮಾಡಿದಳು. ಅಂಗಡಿಯಲ್ಲಿ ಕಬ್ಬಿಣ ಕೊಯ್ಯುವ ಸದ್ದು ಜೋರಾಗಿತ್ತು.

“ಅಕ್ಕಾ, ಗೋಡೆ ಬಾಗಿಲಿನ ಕೆಲಸ ನಿಮಗೇ ಕೊಡ್ತಿದೀವಿ. ಬೀಗ ಒಡೆದು ಬಾಗಿಲು ಸರಿ ಮಾಡ್ಬೇಕು. ಮುಖ್ಯವಾಗಿ ಅದು ಎರಡೂ ಕಡೆಗೆ ಕೊಂಡಿ ಆಗ್ಬೇಕು.”

“ಎರಡೂ ಕಡೆಗೂನಾ?”

“ಎರಡೂ ಕಡೆಗೂ. ಇಡೀ ಯೋಜನೆಯ ಜೀವವೇ ಅದು.”

“ಗಟ್ಟಿಯಾಗಿರ್ಬೇಕಾ?”

“ತುಂಬಾ ಗಟ್ಟಿಯಾಗಿರ್ಬೇಕು ಅಕ್ಕಾ. ನಾವು ಹೋದ್ಮೇಲೂ ಉಳೀಬೇಕು.”

ಟ್ರಸ್ಟಿನವರು ಇಷ್ಟು ಸ್ಪಷ್ಟವಾಗಿ ಕೆಲಸ ಹೇಳಿದ್ದು ಅಕ್ಕನಿಗೆ ಇಷ್ಟವಾಯಿತು. ಚಿಲಕ ಎಂದಿದ್ದರೆ ಅಂಗಡಿಯಿಂದ ತಂದು ಸ್ಕ್ರೂ ಹಾಕಬಹುದಿತ್ತು. ಕೊಂಡಿ ಎಂದರೆ ಕೈಕೆಲಸ. ದಪ್ಪ ಸರಳನ್ನು ಕಾಯಿಸಿ, ಬಗ್ಗಿಸಿ, ಮೂಗುತಿಯ ಹಾಗೆ ತಿರುಚಿ, ಬಾಗಿಲಿನ ಈ ಮುಖಕ್ಕೊಂದು ಆ ಮುಖಕ್ಕೊಂದು ಬೆಸೆದಳು. ಚೌಕಟ್ಟಿಗೆ ಎರಡು ಬಳೆ ಕೂಡಿಸಿದಳು. ಕೊಂಡಿ ಬಳೆಯೊಳಗೆ ಬಿದ್ದರೆ ಆನೆ ಬಂದರೂ ಅಲ್ಲಾಡುವಂತಿರಲಿಲ್ಲ.

ಉದ್ಘಾಟನೆಗೆ ಟ್ರಸ್ಟಿನ ಅಧ್ಯಕ್ಷರು ಬಂದರು. ಮೇಲಿನ ಸಾಲಿನಲ್ಲಿ ಕಾರು ನಿಲ್ಲಿಸಿ, ಟೇಪು ಕತ್ತರಿಸಿ, ಬಾಗಿಲು ದಾಟಿ, ಕೆಳಗಿನ ಸಾಲಿನಲ್ಲಿ ಟೀ ಕುಡಿದರು. ವಾಪಸು ಹೋಗಲು ನೋಡಿದರೆ ಬಾಗಿಲು ಜಪ್ಪಯ್ಯ ಎಂದರೂ ತೆರೆಯದು. ನೋಡಿದವರು ಹೇಳುವ ಪ್ರಕಾರ, ಅವರು ದಾಟಿದ ತಕ್ಷಣ ಆ ಕಡೆಯವರು ತಮ್ಮ ಕೊಂಡಿ ಹಾಕಿಕೊಂಡರು. ಸದ್ದು ಕೇಳಿ, ನಾವೇನು ಕಡಿಮೆ ಎಂದು ಈ ಕಡೆಯವರೂ ತಮ್ಮದನ್ನು ಹಾಕಿಕೊಂಡರು.

“ಅಕ್ಕಾ, ಇದೇನಿದು?” ಎಂದಳು ವರದಿ ಮೇಡಂ.

“ಕೊಂಡಿ.”

“ಎರಡೂ ಕಡೆ...”

“ನೀವೇ ಹೇಳಿದ್ರಲ್ಲ.”

ಮೇಡಂ ಬಾಗಿಲನ್ನು ನೋಡಿದಳು, ಅಕ್ಕನನ್ನು ನೋಡಿದಳು, ತಾನು ಫೋನಿನಲ್ಲಿ ಆಡಿದ ಮಾತುಗಳನ್ನು ಒಂದೊಂದಾಗಿ ನೆನಪಿಸಿಕೊಂಡಳು. ಎಲ್ಲವನ್ನೂ ತಾನೇ ಹೇಳಿದ್ದಳು. ಅಧ್ಯಕ್ಷರು ಮುಖ್ಯರಸ್ತೆ ಸುತ್ತಿ ನಡೆದು ಕಾರು ಸೇರಿದರು.

ಆಮೇಲೆ ನಡೆದದ್ದನ್ನು ಯಾರೂ ಯೋಜಿಸಿರಲಿಲ್ಲ. ದಾಟಿದವರ ಹಿಂದೆ ಕೊಂಡಿ ಹಾಕದೆ ಬಿಡಲು ಎರಡೂ ಕಡೆಯವರು ತಯಾರಿರಲಿಲ್ಲ. ಆ ಕಡೆಯವರನ್ನು ನಂಬುವುದು ಹೇಗೆ? ಹಾಗಾಗಿ ಬಾಗಿಲು ಸದಾ ಎರಡು ಕೊಂಡಿ ಹಾಕಿಕೊಂಡೇ ಇರುತ್ತಿತ್ತು. ಯಾರೇ ದಾಟಬೇಕಾದರೂ ಆ ಕಡೆಯವರನ್ನು ಕರೆದು, “ಸ್ವಲ್ಪ ಕೊಂಡಿ ತೆಗೀರಿ,” ಎಂದು ಕೇಳಲೇಬೇಕಾಗುತ್ತಿತ್ತು. ಇಪ್ಪತ್ತೈದು ನಿಮಿಷ ನಡೆಯುವುದೋ, ಒಂದು ಮಾತು ಕೇಳುವುದೋ? ಮೊದಲ ವಾರ ಬಹಳ ಜನ ನಡೆದರು. ಎರಡನೇ ವಾರ ಬಿಸಿಲು ಜೋರಾಯಿತು.

ತಟ್ಟಿದರೆ ಆಚೆಯಿಂದ “ಯಾರು?” ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆ ಲೋಕಾರೂಢಿಯಂತೆ ಎಲ್ಲರೂ “ನಾನು” ಎನ್ನುತ್ತಿದ್ದರು. “ನಾನು ಅಂದ್ರೆ ಯಾರು?” “ನಾನು ಕಣ್ರೀ!” ಇದರಲ್ಲೇ ಐದು ನಿಮಿಷ ಹೋಗುತ್ತಿತ್ತು. ಮೇಲಿನ ಸಾಲಿನ ನಿವೃತ್ತ ಹೆಡ್ ಕ್ಲರ್ಕ್ ಇದನ್ನು ಸಹಿಸದೆ ಒಂದು ನಿಯಮ ಬರೆದು ಬಾಗಿಲಿನ ಎರಡೂ ಮುಖಕ್ಕೆ ಅಂಟಿಸಿದರು: ‘ನಾನು ಎಂಬ ಉತ್ತರವನ್ನು ಪರಿಗಣಿಸಲಾಗುವುದಿಲ್ಲ. ಮನೆ, ಹೋಗುವ ಸ್ಥಳ, ಉದ್ದೇಶ ತಿಳಿಸುವುದು.’

ನಿಯಮ ಬಂದ ಮೇಲೆ ಮಾತು ಉದ್ದವಾಯಿತು. “ಹನ್ನೆರಡನೇ ಮನೆಯವಳು, ದವಾಖಾನೆಗೆ, ಕೆಮ್ಮಿಗೆ ಔಷಧಿ,” ಎಂದರೆ ಆ ಕಡೆಯವರು ಕೊಂಡಿ ತೆಗೆದು ಸುಮ್ಮನಿರಲು ಸಾಧ್ಯವೇ? “ಕೆಮ್ಮು ಎಷ್ಟು ದಿನದಿಂದ? ಕಫ ಇದೆಯಾ? ಆ ಡಾಕ್ಟ್ರು ಬೇಡ, ಮಧ್ಯಾಹ್ನದ ಮೇಲೆ ಬರೋ ಡಾಕ್ಟ್ರಿಗೆ ತೋರ್ಸಿ.” ಹೆಡ್ ಕ್ಲರ್ಕ್ ಕೂಡ ತಮ್ಮದೇ ನಿಯಮಕ್ಕೆ ಸಿಕ್ಕಿಬಿದ್ದು, “ಮೂರನೇ ಮನೆ, ಗಿರಣಿಗೆ, ಎರಡು ಕೆಜಿ ಹಿಟ್ಟು ಬೀಸಿಸೋಕೆ,” ಎಂದು ಕೂಗಬೇಕಾಯಿತು. “ಮನೇಲಿ ಇಬ್ಬರೇ ಅಲ್ವಾ, ಎರಡು ಕೆಜಿ ಯಾಕೆ?” ಎಂದು ಈ ಕಡೆಯಿಂದ ಹಿಟ್ಟಿನ ಗಿರಣಿಯವನು ಕೇಳಿದ. ಮಗಳು ಬರ್ತಾಳೆ ಎಂದು ಅವರು ಹೇಳಿದರು. ಎಂದು ಬರುತ್ತಾಳೆ, ಗಂಡನೂ ಬರುತ್ತಾನೋ, ಎಲ್ಲ ಹೇಳಿದ ಮೇಲೆ ಬಾಗಿಲು ತೆರೆಯಿತು. ಬೈಗುಳವೂ ನಡೆಯುತ್ತಿತ್ತು, ಹಳೆಯ ಮುಷ್ಕರವನ್ನೂ ಕೆದಕುತ್ತಿದ್ದರು. ಆದರೆ ಜಗಳ ತಾರಕಕ್ಕೇರುವ ಹೊತ್ತಿಗೆ ಹಿಂದೆ ನಿಂತವರು, “ರೀ, ಬಸ್ಸು ಹೋಗುತ್ತೆ, ಬೇಗ ಬೈದು ಮುಗಿಸಿ,” ಎನ್ನುತ್ತಿದ್ದರು.

ಇಷ್ಟಕ್ಕೂ ಕೊಂಡಿ ತೆಗೆಯುವ ಕೆಲಸ ಬಾಗಿಲಿಗೆ ಹತ್ತಿರವಿದ್ದವರ ತಲೆಗೇ ಬಿದ್ದಿತ್ತು. ಈ ಕಡೆ ಗ್ರಿಲ್ ಅಕ್ಕ. ಆ ಕಡೆ ತಂಗಿ.

ಅಕ್ಕನಿಗೆ ಇದು ಮೊದಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ದಿನಕ್ಕೆ ಮೂವತ್ತು ನಲವತ್ತು ಸಲ ತಗಡಿನ ಆಚೆಯಿಂದ ತಂಗಿಯ “ಯಾರು?” ಕೇಳಿಸುತ್ತಿತ್ತು. ಬೇರೆಯವರು ತಟ್ಟುತ್ತಿದ್ದರು, ಬೇರೆಯವರು ಉತ್ತರ ಕೊಡುತ್ತಿದ್ದರು. ಇಬ್ಬರೂ ಕೊಂಡಿ ತೆಗೆದು ಗೋಡೆಯ ಮರೆಗೆ ಸರಿದು ನಿಲ್ಲುತ್ತಿದ್ದರು, ಜನ ನಡುವೆ ದಾಟುತ್ತಿದ್ದರು. ಒಂದು ಇಟ್ಟಿಗೆಯ ಅಂತರದಲ್ಲಿ ನಿಂತ ಇಬ್ಬರು ಹೆಂಗಸರು ಏಳು ತಿಂಗಳು ಮುಖ ನೋಡಿಕೊಳ್ಳಲಿಲ್ಲ. ಜಿದ್ದಿಗೂ ಒಂದು ಶಿಸ್ತು ಬೇಕು, ಅದು ಇಬ್ಬರಿಗೂ ತವರಿನಿಂದ ಬಂದಿತ್ತು.

ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ಆ “ಯಾರು?” ಕೇಳಿಯೇ ಅಕ್ಕನಿಗೆ ತಂಗಿಯ ಆರೋಗ್ಯ ತಿಳಿಯತೊಡಗಿತು. ಒಂದು ವಾರ ದನಿ ಕಟ್ಟಿತ್ತು, ನೆಗಡಿ. ಇನ್ನೊಂದು ವಾರ ದನಿಯೇ ಬದಲಾಗಿ ಟೈಮ್ ಕೀಪರನ ಗೊಗ್ಗರು ಗಂಟಲು ಕೇಳಿಸಿತು. ಅಕ್ಕ ಎರಡು ದಿನ ತಡೆದಳು. ಮೂರನೇ ದಿನ ಗಿರಣಿಯವನನ್ನು ಕರೆದು, ಯಾವುದೋ ಬೋಲ್ಟನ್ನು ಗಮನವಿಟ್ಟು ನೋಡುತ್ತ, “ಆ ಕಡೆ ಕೊಂಡಿ ತೆಗೆಯೋರು ಬದಲಾಗಿದ್ದಾರಾ?” ಎಂದು ಕೇಳಿದಳು.

“ನಿಮ್ಮ ತಂಗಿಗೆ ಜ್ವರ ಅಂತೆ ಅಕ್ಕಾ.”

“ನಾನು ಕೊಂಡಿ ವಿಷಯ ಕೇಳಿದ್ದು,” ಎಂದಳು ಅಕ್ಕ.

ಜ್ವರ ಬಿಟ್ಟ ಮೇಲೆ ತಂಗಿ ಮತ್ತೆ ಬಾಗಿಲಿಗೆ ಬಂದಳು, ಆದರೆ ಅವಳ ಕಡೆಯ ಕೊಂಡಿ ಕಿರ್ರೆನ್ನತೊಡಗಿತ್ತು. ಮಳೆ ನೀರು ಇಳಿದು ತುಕ್ಕು ಹಿಡಿದಿರಬೇಕು. ನಿತ್ರಾಣದ ಕೈ, ಬಿಗಿದ ಕೊಂಡಿ; ಎರಡು ಸಲ ಎಳೆದು, ಉಸಿರು ತೆಗೆದುಕೊಂಡು, ಮೂರನೇ ಸಲಕ್ಕೆ ತೆಗೆಯುತ್ತಿದ್ದಳು. ಅಕ್ಕ ಈ ಕಡೆ ಹಲ್ಲು ಕಚ್ಚಿಕೊಂಡು ನಿಲ್ಲುತ್ತಿದ್ದಳು. ತನ್ನ ಕೈಕೆಲಸ ಕಿರುಗುಡುವುದು ಅವಮಾನ ಎಂದು ಅವಳ ವಾದ. ಕೊನೆಗೆ ಕಪಾಟಿನಿಂದ ಉದ್ದ ಮೂತಿಯ ಹಳೆಯ ಎಣ್ಣೆ ಡಬ್ಬಿ ತೆಗೆದು ಗಿರಣಿಯವನ ಕೈಗಿಟ್ಟಳು.

“ಆ ಕಡೆ ಕೊಟ್ಬಿಡು. ಟ್ರಸ್ಟಿನವರು ಕೊಟ್ಟಿದ್ದು ಅಂತ ಹೇಳು.”

ಮರುದಿನದಿಂದ ಆ ಕೊಂಡಿ ಸದ್ದಿಲ್ಲದೆ ಮೇಲೇಳತೊಡಗಿತು.

ವರ್ಷದ ಕೊನೆಗೆ ವರದಿ ಮೇಡಂ ಮನೆ ಮನೆಗೆ ಹೋಗಿ, ಟ್ರಸ್ಟಿನಿಂದ ನಿಮಗಾದ ಪ್ರಯೋಜನವೇನು ಎಂದು ಕೇಳಿಕೊಂಡು ಬಂದಳು. ಬಂದವಳು ಅಂಗಡಿಯ ಸ್ಟೂಲಿನ ಮೇಲೆ ಕೂತಳು.

“ಅಕ್ಕಾ, ನಿಮ್ಮ ತಂಗಿ ಪ್ರಯೋಜನ ಅನ್ನೋ ಕಡೆ ‘ಎಣ್ಣೆ’ ಅಂತ ಬರೆಸಿದ್ದಾರೆ. ನಾವು ಎಣ್ಣೆ ಕೊಟ್ಟೇ ಇಲ್ವಲ್ಲ?”

“ಕೊಟ್ಟಿದ್ದೀರಿ. ನಿಮಗೆ ನೆನಪಿಲ್ಲ.”

ಮೇಡಂ ಕಪಾಟಿನ ಕಡೆ ನೋಡಿದಳು. ಸುತ್ತಿಗೆಗೂ ಸ್ಪ್ಯಾನರಿಗೂ ನಡುವೆ ದುಂಡನೆಯ ಎಣ್ಣೆ ಕಲೆ, ಮೇಲೆ ಡಬ್ಬಿ ಇಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿದಳು.

ಅವಳ ಜಾಣತನ ಕೇಂದ್ರ ಕಚೇರಿಗೆ ಇರಲಿಲ್ಲ. ಅಲ್ಲಿಂದ ಒಬ್ಬರು ಬಂದು ಅರ್ಧ ಗಂಟೆ ಬಾಗಿಲ ಮುಂದೆ ನಿಂತು ಹೋದರು. ಮುಕ್ತ ಸಂಪರ್ಕವೇ ಟ್ರಸ್ಟಿನ ಧ್ಯೇಯವಾಗಿರುವಾಗ ಬಾಗಿಲಿಗೆ ಎರಡೆರಡು ತಡೆ ಏಕೆ ಎಂದು ಅವರ ಪ್ರಶ್ನೆ. ಜನ ಮಾತಾಡುತ್ತಿರುವುದೇ ಆ ತಡೆಯಿಂದ ಎಂದು ಮೇಡಂ ಎರಡು ಪತ್ರ ಬರೆದಳು. ಉತ್ತರವಾಗಿ ಆದೇಶ ಬಂತು: ‘ಎರಡೂ ಕಡೆಯ ಕೊಂಡಿಗಳನ್ನು ತೆಗೆದು ವರದಿ ಮಾಡತಕ್ಕದ್ದು.’

ಬೆಳಿಗ್ಗೆ ಹನ್ನೊಂದಕ್ಕೆ ಅವಳು ಆ ಕಾಗದ ಹಿಡಿದು ಬಂದಳು. ಅಕ್ಕ ಓದಿದಳು, ಮಡಚಿ ವಾಪಸು ಕೊಟ್ಟಳು, ಕೊಯ್ಯುವ ಮೆಷಿನ್ನಿಗೆ ಹೊಸ ಚಕ್ರ ಹಾಕಿದಳು. ಹೇಳಿದ ಕೆಲಸ ಮಾಡುವವಳು ಅವಳು. ಬಾಗಿಲವರೆಗೆ ವೈರು ಎಳೆದು ನಿಂತ ಮೇಲೆ ಮಾತ್ರ ಕೈ ಬಟನ್ ಮೇಲೆ ಹಾಗೇ ಉಳಿಯಿತು. ಕೊಂಡಿ ಹೋದರೆ ಬಾಗಿಲು ಗಾಳಿಗೆ ಆಡುತ್ತದೆ. ಜನ ತಮ್ಮ ಪಾಡಿಗೆ ಬರುತ್ತಾರೆ, ತಮ್ಮ ಪಾಡಿಗೆ ಹೋಗುತ್ತಾರೆ. ಯಾರೂ ಯಾರನ್ನೂ ಯಾರು ಎಂದು ಕೇಳುವುದಿಲ್ಲ. ತಂಗಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ; ಅವಳಿಗೆ ಜ್ವರ ಬಂದರೂ ಈ ಕಡೆಗೆ ಗೊತ್ತಾಗುವುದಿಲ್ಲ.

“ಆ ಕಡೇದನ್ನ ಮೊದಲು ಕೊಯ್ತೀನಿ,” ಎಂದಳು, ತಡಮಾಡುವುದಕ್ಕೆ. “ತೆಗೆಸಿ.”

ಮೇಡಂ ತಟ್ಟಿದಳು.

“ಯಾರು?”

“ನಾನು... ಟ್ರಸ್ಟಿನಿಂದ ಬಂದಿದ್ದೀನಿ.”

“ಏನು ಕೆಲಸ?”

“ಎರಡೂ ಕಡೆ ಕೊಂಡಿ ತೆಗೆಸ್ತಿದ್ದೀವಿ ಅಮ್ಮಾ. ಕೊಯ್ದು ಹಾಕೋಕೆ.”

ಆ ಕಡೆ ಕೊಂಡಿಯನ್ನು ಒತ್ತಿ ಕೂರಿಸಿದ ಸದ್ದಾಯಿತು.

“ನಾನು ತೆಗೆಯಲ್ಲ,” ಎಂದಳು ತಂಗಿ.

ಮೇಡಂ ಮತ್ತೆ ತಟ್ಟಿದಳು. ಟ್ರಸ್ಟಿನ ಆದೇಶ ಎಂದಳು, ದಯವಿಟ್ಟು ಎಂದಳು. ತಂಗಿ ಬಾಗಿಲು ಬಿಟ್ಟು ಕದಲಲಿಲ್ಲ. ಕೊಂಡಿಯ ಮೇಲೆ ಒತ್ತಿ ಹಿಡಿದ ಕೈಯ ಭಾರಕ್ಕೆ ತಗಡು ಸಣ್ಣಗೆ ನಡುಗುತ್ತಿತ್ತು. ಅಕ್ಕನಿಗೆ ಅದು ಈ ಕಡೆಯಿಂದಲೇ ಕಂಡಿತು. ಅವಳು ಮೆಷಿನ್ ಕೆಳಗಿಟ್ಟಳು, ಕಪ್ಪು ಕನ್ನಡಕ ತೆಗೆದಳು, ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಹತ್ತೊಂಬತ್ತು ವರ್ಷ ಕಾಪಾಡಿಕೊಂಡು ಬಂದ ಮಾತು. ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿದಳು.

“ಯಾರು?”

ಹೆಡ್ ಕ್ಲರ್ಕರ ನಿಯಮದ ಪ್ರಕಾರ ಹೇಳಬೇಕಾದ್ದು ಬಹಳವಿತ್ತು. ಅಕ್ಕನ ಗಂಟಲಿನಿಂದ ಹೊರಟದ್ದು ಒಂದೇ ಪದ.

“ನಾನು.”

ನಾನು ಅಂದ್ರೆ ಯಾರು ಎಂದು ಆ ಕಡೆಯಿಂದ ಯಾರೂ ಕೇಳಲಿಲ್ಲ. ತಗಡಿನ ನಡುಕ ನಿಂತಿತು, ಕೊಂಡಿ ಮೇಲೆದ್ದಿತು. ಅಕ್ಕ ತನ್ನದನ್ನೂ ತೆಗೆದಳು. ಈ ಸಲ ಇಬ್ಬರೂ ಮರೆಗೆ ಸರಿಯಲಿಲ್ಲ.

“ತಲೆ ಪೂರ್ತಿ ಬೆಳ್ಳಗಾಗಿದೆಯಲ್ಲೇ ಅಕ್ಕಾ,” ಎಂದಳು ತಂಗಿ.

“ನಿಂದೇನು ಕಪ್ಪಗಿದೆಯಾ?”

“ಎಣ್ಣೆ ಡಬ್ಬಿ ನೀನೇ ಕಳಿಸಿದ್ದು.”

“ಟ್ರಸ್ಟಿನವರು.”

“ತಳದಲ್ಲಿ ನಾನೂರ ಹನ್ನೆರಡು ಅಂತ ಗೀರಿದೆ. ಭಾವನ ಡಬ್ಬಿ ನಂಗೆ ಗೊತ್ತಾಗಲ್ವಾ? ನಮ್ಮ ಮನೆಯವರು ಆ ನಂಬರ್ ನೋಡಿ ಎರಡು ದಿನ ಊಟ ಮಾಡ್ಲಿಲ್ಲ.” ತಂಗಿಯ ದನಿ ಅಲ್ಲಿಗೆ ಒಡೆಯಿತು. “ಅವತ್ತು ಭಾವ ಹೋದಾಗ ಯಾಕೆ ಕರೀಲಿಲ್ಲ ನೀನು?”

“ನೀನ್ಯಾಕೆ ಬರ್ಲಿಲ್ಲ?” ಎಂದಳು ಅಕ್ಕ. ಅವಳ ಕಣ್ಣಿನಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಮುಖದ ಬಿಗಿ ಮಾತ್ರ ಸಡಿಲಲಿಲ್ಲ. ಅದಕ್ಕೆ ಬೇರೆ ರೂಢಿಯೇ ಇರಲಿಲ್ಲ.

ಮುಂದಿನ ಒಂದು ಗಂಟೆ ಅಕ್ಕತಂಗಿಯರು ಹೊಸ್ತಿಲ ಮೇಲೆ ನಿಂತು ಹತ್ತೊಂಬತ್ತು ವರ್ಷದ ಬಾಕಿ ಜಗಳವಾಡಿದರು. ದಾಟಬೇಕಾದವರು ಎರಡೂ ಕಡೆ ಸಾಲು ನಿಂತು ಕಾದರು, ನಡುನಡುವೆ ಸಲಹೆ ಕೊಟ್ಟರು. ಬಸ್ಸು ಹೋಯಿತು, ಯಾರೂ ಅವಸರ ಮಾಡಲಿಲ್ಲ. ವರದಿ ಮೇಡಂ ಅಂಗಡಿಯ ಸ್ಟೂಲಿನ ಮೇಲೆ ಕೂತು ಕಾಗದ ತೆಗೆದಳು. ಮುಂದಿನ ವರ್ಷದ ಬೇಡಿಕೆ ಎಂಬಲ್ಲಿ ‘ಎಣ್ಣೆ, ಎರಡು ಡಬ್ಬಿ’ ಎಂದು ತುಂಬಿದಳು. ಆದೇಶ ಪಾಲನೆ ಎಂಬಲ್ಲಿಗೆ ಬಂದಾಗ ತಲೆಯೆತ್ತಿ ಒಮ್ಮೆ ಬಾಗಿಲ ಕಡೆ ನೋಡಿ, ಆಮೇಲೆ ಬರೆದಳು: ‘ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಎರಡೂ ಕಡೆಯ ಕೊಂಡಿಗಳನ್ನು ತೆಗೆಯಲಾಯಿತು.’

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.